ಭಾವನ 132

ಬಿ.ಪಿ. ಇದ್ದವರೆಲ್ಲ ಒಂದೇ ಜಾತಿಯಲ್ಲ. ಮಾತ್ರೆ ನುಂಗಿ ಮರೆತುಬಿಡುವವರಿದ್ದಾರೆ, ನುಂಗುವುದನ್ನೇ ಮರೆಯುವವರಿದ್ದಾರೆ, ‘ನಂಗೇನೂ ಆಗ್ತಿಲ್ವಲ್ಲ’ ಎನ್ನುತ್ತ ಉಪ್ಪಿನಕಾಯಿ ಜಾಡಿಗೆ ಚಮಚ ಇಳಿಸುವವರೂ ಇದ್ದಾರೆ. ಇವರು ಯಾರೂ ಸುತ್ತಮುತ್ತಲಿನವರಿಗೆ ಅಷ್ಟಾಗಿ ಕಾಟ ಕೊಡುವುದಿಲ್ಲ. ಕಾಟವೇನಿದ್ದರೂ ತನ್ನ ಬಿ.ಪಿ. ಇಷ್ಟೇ ಇರತಕ್ಕದ್ದು ಎಂದು ತಾನೇ ಠರಾವು ಪಾಸು ಮಾಡಿಕೊಂಡವನಿಂದ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಹೋದರೆ ಅವನು ಸಿಕ್ಕೇ ಸಿಗುತ್ತಾನೆ. ‘ಹೇಗಿದ್ದೀರಿ ಸಾರ್?’ ಎಂದರೆ ‘ನಿನ್ನೆ ರಾತ್ರಿ 129, ಇವತ್ತು 134’ ಎನ್ನುತ್ತಾನೆ. ಮಳೆ ಬಂತಾ ಎಂದು ಕೇಳಿದರೂ ಅದೇ ಉತ್ತರ.

ಯಾರೋ ದಾರಿಹೋಕರ ವಿಷಯ ಎಂಬಂತೆ ಬರೆದು ಪ್ರಯೋಜನವಿಲ್ಲ. ಇದು ನನ್ನ ಅಕ್ಕನ ಗಂಡನ ವಿಷಯ.

ಭಾವ ನಿವೃತ್ತ ಆಡಿಟರ್. ಸರ್ವೀಸಿನುದ್ದಕ್ಕೂ ಇನ್ನೊಬ್ಬರ ವೋಚರುಗಳಲ್ಲಿ ತಪ್ಪು ಹುಡುಕಿದವರು, ಪೆನ್ಷನ್ ಶುರುವಾದ ಮೇಲೆ ತಮ್ಮದೇ ರಕ್ತನಾಳಗಳ ಕಡತ ತೆರೆದು ಕೂತಿದ್ದಾರೆ. ಒಂದು ಡೈರಿ ಇದೆ. ಅದರಲ್ಲಿ ದಿನಾಂಕ, ಸಮಯ, ಮೇಲಿನ ಅಂಕಿ, ಕೆಳಗಿನ ಅಂಕಿ, ನಾಡಿ, ಕೊನೆಗೆ ‘ಷರಾ’ ಎಂಬ ಅಂಕಣ. ಇಡೀ ಮನೆಯ ನೆಮ್ಮದಿ ಹಾಳಾಗಿರುವುದು ಈ ಷರಾ ಅಂಕಣದಿಂದ.

ಬಿ.ಪಿ. ಅಳೆಯುವುದಕ್ಕೆ ಶಾಸ್ತ್ರವಿದೆ, ನಿಜ. ಅರ್ಧ ಗಂಟೆ ಮೊದಲಿಂದ ಕಾಫಿ ಕುಡಿಯಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಕಾಲಿನ ಮೇಲೆ ಕಾಲು ಹಾಕದೆ, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಐದು ನಿಮಿಷ ಮಾತಿಲ್ಲದೆ ಕೂರಬೇಕು. ಆಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕು. ಇದರಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತಾಡಬಾರದು ಎಂದು ಹೇಳಿರುವುದು ಅಳೆಸಿಕೊಳ್ಳುವವನಿಗೆ. ಭಾವ ಅದನ್ನು ಇಡೀ ಮನೆಗೆ, ಕಾಂಪೌಂಡಿನಾಚೆಯ ತೆಂಗಿನಕಾಯಿ ಗಾಡಿಯವನಿಗೂ ಅನ್ವಯಿಸುತ್ತಾರೆ.

ಗಣೇಶನ ಹಬ್ಬದ ದಿನ ನಾವೆಲ್ಲ ಅವರ ಮನೆಯಲ್ಲಿದ್ದೆವು. ಪುರೋಹಿತರು ಬಂದಾಗಲೇ ಹನ್ನೊಂದೂವರೆ. ಅವರಿಗೆ ಇನ್ನೂ ಮೂರು ಮನೆ ಬಾಕಿ. ‘ಯಜಮಾನರು ಬಂದರೆ ಸಂಕಲ್ಪ ಮಾಡಿಬಿಡೋಣ’ ಎಂದರು. ಯಜಮಾನರು ಮಡಿಪಂಚೆ ಉಟ್ಟು ಒಳಗಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ತೋಳಿಗೆ ಪಟ್ಟಿ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಭಾವ ಕಣ್ಣು ತೆರೆಯದೆ ಎಡಗೈಯ ಮೂರು ಬೆರಳು ಎತ್ತಿದರು, ಅಂದರೆ ಇನ್ನೂ ಮೂರು ನಿಮಿಷ. ನಾನು ಹೊರಗೆ ಹೋಗಿ ಮೂರು ಬೆರಳು ತೋರಿಸಿದೆ. ಪುರೋಹಿತರು ಅದನ್ನು ತ್ರಿಪುಂಡ್ರದ ವಿಚಾರ ಎಂದುಕೊಂಡು ವಿಭೂತಿ ತೆಗೆದರು. ಅಷ್ಟರಲ್ಲಿ ಯಂತ್ರ ಗುಂಯ್‌ಗುಟ್ಟಿ ಪಟ್ಟಿ ಬಿಗಿಯತೊಡಗಿತು. ಅದೇ ಕ್ಷಣಕ್ಕೆ ಕುಕ್ಕರ್ ಕೂಗಿತು. ಅಕ್ಕ ಓಡಿ ಹೋಗಿ ಒಲೆ ಆರಿಸುವಷ್ಟರಲ್ಲಿ ಇನ್ನೊಂದು ಸಲ ಕೂಗಿತು. ಪುರೋಹಿತರಿಗೂ ತಾಳ್ಮೆ ಕೆಟ್ಟು ಗಂಟೆ ಬಾರಿಸಿದರು.

151/88.

ಭಾವ ಎದ್ದು ಬರಲಿಲ್ಲ. ಡೈರಿ ತೆರೆದು ಷರಾ ಬರೆದರು: ‘ಕುಕ್ಕರ್, ಎರಡು ಕೂಗು. ಪುರೋಹಿತರು.’ ಮತ್ತೆ ಐದು ನಿಮಿಷ ಮೊದಲಿನಿಂದ. ಗಣಪತಿ ಕಾದ, ಕಡುಬು ಆರಿತು, ಪುರೋಹಿತರ ಮೊಬೈಲಿಗೆ ಮುಂದಿನ ಮನೆಯವರ ಕರೆ ಬಂತು. ಎರಡನೆಯ ಸಲ 136 ಬಂದ ಮೇಲೆಯೇ ವಿಘ್ನೇಶ್ವರನಿಗೆ ಆವಾಹನೆ.

ಇಲ್ಲಿಗೆ ಮುಗಿಯಲಿಲ್ಲ. ಊಟವಾದ ಮೇಲೆ ಭಾವ ಪುರೋಹಿತರ ತೋಳಿಗೇ ಪಟ್ಟಿ ಸುತ್ತಿದರು. ಆ ಮನುಷ್ಯ ಬಿಸಿಲಲ್ಲಿ ಸ್ಕೂಟರ್ ಓಡಿಸಿ ಬಂದು, ಹನ್ನೊಂದು ಕಡುಬು ಹೊಡೆದು, ಚಕ್ಕಳಮಕ್ಕಳ ಹಾಕಿ ಕೂತು, ದಕ್ಷಿಣೆ ವಿಷಯ ಮಾತಾಡುತ್ತಲೇ ಇದ್ದರು. 118/76. ಭಾವನ ಮುಖ ಸಪ್ಪಗಾಯಿತು. ‘ಮಾತಾಡ್ತಾ ಇದ್ರಿ. ಇದು ಲೆಕ್ಕಕ್ಕಿಲ್ಲ’ ಎಂದರು. ಮಾತಾಡಿದರೆ ಅಂಕಿ ಏರುತ್ತದೆಯೇ ವಿನಾ ಇಳಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಮಾತ್ರೆಗಳ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಭಾವ ಹಾಗೆ ಮುಗಿಸುವುದಿಲ್ಲ. ಮೊದಲು ಆಮ್ಲೋಡಿಪಿನ್. ಅಂಕಿ ಇಳಿಯಿತು, ಕಾಲ ಹರಡು ಊದಿತು. ಸಂಜೆ ಬಂದ ನೆಂಟರಿಗೆಲ್ಲ ಪಂಚೆ ಎತ್ತಿ, ಹೆಬ್ಬೆರಳು ಒತ್ತಿ, ಗುಳಿ ಬೀಳುವುದನ್ನು ತೋರಿಸುತ್ತಿದ್ದರು. ಆಮೇಲೆ ರಾಮಿಪ್ರಿಲ್. ಅದರಿಂದ ಒಣಕೆಮ್ಮು. ಕೆಮ್ಮಿಗೆ ಕಾರಣ ಅಕ್ಕನ ಒಗ್ಗರಣೆ ಎಂದು ತೀರ್ಮಾನವಾಗಿ, ಒಣಮೆಣಸಿನಕಾಯಿಗೆ ಆ ಮನೆಯಲ್ಲಿ ನಿಷೇಧ ಬಿತ್ತು. ಅಕ್ಕ ತಿಂಗಳುಗಟ್ಟಲೆ ಸಪ್ಪೆ ಸಾರು ಮಾಡಿದಳು. ಕೆಮ್ಮು ಬಗ್ಗಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿ ಟೆಲ್ಮಿಸಾರ್ಟನ್ ಕೊಟ್ಟ ಮೇಲೆ ಮೆಲ್ಲಗೆ ನಿಂತಿತು. ಆ ‘ಪ್ರಿಲ್’ ವಂಶದ ಮೊದಲ ಔಷಧಕ್ಕೆ ಸುಳಿವು ಸಿಕ್ಕಿದ್ದು ಬ್ರೆಜಿಲಿನ ಒಂದು ಮಂಡಲದ ಹಾವಿನ ವಿಷದಲ್ಲಿ ಎಂದು ಭಾವ ಎಲ್ಲೋ ಓದಿ, ಊಟದ ಹೊತ್ತಿನಲ್ಲಿ ಉತ್ಸಾಹದಿಂದ ಹೇಳಿದರು. ಅಕ್ಕ ಸೌಟು ಕೆಳಗಿಟ್ಟಳು. ‘ಹಾವಿನ ವಿಷ ಬಿಟ್ಟು ನನ್ನ ಮೆಣಸಿನಕಾಯಿ ಮೇಲೆ ಹೊರಿಸಿದ್ರಲ್ಲ!’

ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಸೇರಿದ ಮೇಲೆ ಹೊಳೆನರಸೀಪುರ, ಹಾಸನ, ಅರಸೀಕೆರೆ, ಕಡೂರು ಇವೆಲ್ಲ ಭಾವನ ಪಾಲಿಗೆ ಊರುಗಳಾಗಿ ಉಳಿಯಲಿಲ್ಲ. ಶಿವಮೊಗ್ಗದ ಮಗಳ ಮನೆಗೆ ಹೋಗುವ ದಾರಿಯಲ್ಲಿ ಬಸ್ಸು ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆಂದು ಕಂಡಕ್ಟರಿಗೇ ಹೇಳಿಕೊಡಬಲ್ಲರು.

ಭಾವನ ಟಾರ್ಗೆಟ್ ಹುಟ್ಟಿದ ಕಥೆಗೆ ಬರೋಣ. ಅರವತ್ತು ದಾಟಿದವರಿಗೆ ಮೇಲಿನ ಅಂಕಿ 150ರೊಳಗಿದ್ದರೆ ಸಾಕು ಎಂದು 2014ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಹೇಳಿತ್ತು. 2015ರಲ್ಲಿ ಸ್ಪ್ರಿಂಟ್ ಎಂಬ ಪ್ರಯೋಗದ ಫಲಿತಾಂಶ ಬಂತು. ಸಕ್ಕರೆ ಕಾಯಿಲೆ ಇಲ್ಲದ 9,361 ಜನರಲ್ಲಿ ಕೆಲವರಿಗೆ 140ರ ಗುರಿ, ಉಳಿದವರಿಗೆ 120ರ ಗುರಿ. 120ರ ಗುಂಪಿನಲ್ಲಿ ಹೃದಯದ ತೊಂದರೆ, ಸಾವು ಎರಡೂ ಎಷ್ಟು ಕಡಿಮೆಯಾದವೆಂದರೆ ಅವಧಿಗೆ ಮೊದಲೇ ಅದನ್ನು ನಿಲ್ಲಿಸಿದರು. 2017ರ ಹೊತ್ತಿಗೆ ಅಲ್ಲಿನ ಹೃದಯ ತಜ್ಞರ ಸಂಘಗಳು 130/80ಕ್ಕೆ ಬಂದು ನಿಂತವು. ಮೂರು ವರ್ಷದಲ್ಲಿ 20 ಪಾಯಿಂಟ್ ವ್ಯತ್ಯಾಸ! ಆಡಿಟರಿಗೆ ಇದಕ್ಕಿಂತ ಹಬ್ಬ ಬೇಕೆ? ಜೊತೆಗೆ 120ರ ಗುಂಪಿನಲ್ಲಿ ಬಿ.ಪಿ. ವಿಪರೀತ ಇಳಿಯುವುದು, ಎಚ್ಚರ ತಪ್ಪುವುದು, ಮೂತ್ರಪಿಂಡದ ಪೆಟ್ಟು ಜಾಸ್ತಿಯಿತ್ತು ಎಂಬ ಸಾಲಿಗೆ ಭಾವ ಕೆಂಪು ಗೆರೆ ಎಳೆದಿಟ್ಟಿದ್ದಾರೆ.

ಆ ಗೆರೆ ಬರೀ ಓದಿನಿಂದ ಬಂದದ್ದಲ್ಲ. ಮೂರು ಮಾತ್ರೆ ನುಂಗುತ್ತಿದ್ದಾಗ ಅವರ ಅಂಕಿ 112ಕ್ಕೆ ಇಳಿದಿತ್ತು. ಒಂದು ಬೆಳಿಗ್ಗೆ ದೇವರಿಗೆ ಅಡ್ಡಬಿದ್ದು ಎದ್ದವರಿಗೆ ಕಣ್ಣು ಕತ್ತಲಿಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತರು. ಡಾಕ್ಟರಮ್ಮ ಕೂತಾಗೊಮ್ಮೆ ನಿಂತಾಗೊಮ್ಮೆ ಅಳೆದರು. ನಿಂತ ಮೂರು ನಿಮಿಷದೊಳಗೆ 20 ಪಾಯಿಂಟಿಗಿಂತ ಹೆಚ್ಚು ಕುಸಿದಿತ್ತು. ನೀರಿನ ಮಾತ್ರೆ ಅರ್ಧವಾಯಿತು. ಅವತ್ತಿನಿಂದ ಶುರುವಾದದ್ದು ಚೌಕಾಸಿ. ಡಾಕ್ಟರಮ್ಮ 130ರೊಳಗೆ ಎಂದರು, ಭಾವ 138 ಕೇಳಿದರು. ಒಂದು ವಿಷಯಕ್ಕೆ ಭಾವನನ್ನು ಮೆಚ್ಚಬೇಕು: ತಾವಾಗಿ ಒಂದು ಮಾತ್ರೆಯನ್ನೂ ಬಿಟ್ಟವರಲ್ಲ. ಆಡಿಟರ್ ಆದವನು ಆಕ್ಷೇಪಣೆ ಬರೆಯುತ್ತಾನೆ, ಖಜಾನೆಗೆ ಬೀಗ ಹಾಕುವುದಿಲ್ಲ. ಕೊನೆಗೆ ಭಾವ 132ಕ್ಕೆ ಇಳಿದಾಗ ಡಾಕ್ಟರಮ್ಮ ನಕ್ಕು, ‘ಎರಡು ಪಾಯಿಂಟಿಗೆ ನಾನು ಜಗಳ ಆಡಲ್ಲ ಸರ್. ಆದರೆ ನೀವು ಬೀಳಬಾರದು’ ಎಂದರಂತೆ. ಕೂತಾಗ 132 ದಾಟಬಾರದು, ನಿಂತಾಗ 110ಕ್ಕಿಂತ ಇಳಿಯಬಾರದು. ಡೈರಿಯ ಮೊದಲ ಪುಟದಲ್ಲಿ ಇದು ದಿನಾಂಕ ಸಮೇತ ದಾಖಲಾಗಿದೆ.

ಈ ಎರಡು ಪಾಯಿಂಟಿನ ಹಟ ನನಗೆ ಬಹಳ ದಿನ ತಮಾಷೆಯಾಗಿತ್ತು. ಭಾವನ ತಂದೆಯ ಕಾಲದಲ್ಲಿ ‘ವಯಸ್ಸಿಗೆ ನೂರು ಕೂಡಿಸು, ಅಷ್ಟಿದ್ದರೆ ಸರಿ’ ಎಂಬ ಲೆಕ್ಕವಿತ್ತು. ಅರವತ್ತಾರಕ್ಕೆ 166, ಎಲ್ಲ ಸರಿಯಿದೆ ಎಂದು ಅವರನ್ನು ಕಳಿಸಿದ್ದರಂತೆ. ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಅವರಿಗೆ ತುತ್ತು ಕೊಡುತ್ತಿದ್ದ ತಾಯಿ ಮುಂದೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡರು, ಮತ್ತೆ ಏಳಲಿಲ್ಲ. ಇದನ್ನು ಹೇಳಿದ್ದು ಅಕ್ಕ. ಭಾವ ಹೇಳುವವರಲ್ಲ, ಅದಕ್ಕೆ ಷರಾ ಅಂಕಣದಲ್ಲಿ ಜಾಗವಿಲ್ಲ. ಕೇಳಿದ ಮೇಲೆ ನಾನು ಆ ಐದು ನಿಮಿಷದಲ್ಲಿ ಕೆಮ್ಮುವುದನ್ನು ಬಿಟ್ಟಿದ್ದೇನೆ. ಕುಕ್ಕರ್ ಕೂಗಿದರೆ ಅಕ್ಕನಿಗಿಂತ ಮೊದಲು ನಾನೇ ಓಡುತ್ತೇನೆ. ಹಾಗೆಂದು ಸಿಟ್ಟು ಬರುವುದಿಲ್ಲ ಎಂದೇನಲ್ಲ.

ಹೋದ ವಾರ ‘ಯಂತ್ರ ಸರಿಯಿದೆಯಾ ನೋಡಬೇಕು, ಕೈ ಕೊಡು’ ಎಂದರು. ಐದು ನಿಮಿಷ ಕೂರಿಸಿ, ಎರಡು ಸಲ ಅಳೆದರು. 152, 148. ಯಂತ್ರ ಸರಿಯಾಗಿದೆ ಎಂದು ಘೋಷಿಸಿದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡದ್ದು ಮಗಳ ಮದುವೆಯಲ್ಲಿ ಮಾತ್ರ. ಮರುದಿನ ಡಾಕ್ಟರಮ್ಮನ ಹತ್ತಿರ ನನ್ನ ಹೆಸರು ಬರೆಸಿ, ಹೊಸ ಡೈರಿಯೊಂದಿಗೆ ಮನೆಗೇ ಬಂದರು. ಅಂಕಣಗಳಿಗೆ ಗೆರೆ ಹಾಕಿಯಾಗಿತ್ತು. ಮೊದಲ ಪುಟದಲ್ಲಿ ನನ್ನ ಟಾರ್ಗೆಟ್ಟನ್ನೂ ಅವರೇ ಬರೆದಿದ್ದರು: 128. ‘ನಿನಗೆ ವಯಸ್ಸು ಕಡಿಮೆ, ರಿಯಾಯಿತಿ ಇಲ್ಲ’ ಎಂದರು.

ನಾನು 138 ಕೇಳಿದ್ದೇನೆ. ಮಾತುಕತೆ ನಡೆದಿದೆ.