ಮಾರ್ಕ್ಸಣ್ಣನ ದಶಾಂಶ

ಆಂಧ್ರದ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಷೀನಿನ ಸದ್ದು ಕೇಳದ ಓಣಿ ಕಡಿಮೆ. ಅಂಥ ಓಣಿ ಸಿಕ್ಕರೂ ಕಂಪ್ಯೂಟರ್ ಗೇಮುಗಳಿಗೆ ಅಂಕ ಕೊಡುವ ಹುಡುಗನೊಬ್ಬ ಅಲ್ಲಿ ಇದ್ದೇ ಇರುತ್ತಾನೆ. ವಯಸ್ಸು ಹತ್ತೊಂಬತ್ತರಿಂದ ಇಪ್ಪತ್ತೊಂಬತ್ತರ ಒಳಗೆ. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ತೆಲುಗು, ಗೇಮಿನಲ್ಲಿ ಇಂಗ್ಲಿಷು, ಸೋತಾಗ ಮೂರೂ. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಸದ್ಯಕ್ಕೆ ಅವನನ್ನು ಮಾರ್ಕ್ಸಣ್ಣ ಎನ್ನೋಣ. ಜರ್ಮನಿಯ ಮಾರ್ಕ್ಸನಿಗೂ ಇವನಿಗೂ ಗಡ್ಡದ ಹೊರತು ಬೇರೆ ಸಂಬಂಧವಿಲ್ಲ.

ಗುರುತು ಹಿಡಿಯುವುದು ಸುಲಭ. ‘ಆ ಗೇಮು ಚೆನ್ನಾಗೈತಾ?’ ಎಂದು ಕೇಳಿ. ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. ಕಣ್ಣು ಕಿರಿದು ಮಾಡಿ, ಮೇಲೆ ತಿರುಗುವ ಫ್ಯಾನು ನೋಡಿ, ಒಂದು ಗಳಿಗೆ ಬಿಟ್ಟು ‘8.3’ ಅನ್ನುತ್ತಾನೆ. 8.2 ಯಾಕಲ್ಲ ಎಂದು ಯಾರೂ ಕೇಳಿಲ್ಲ. ಕೇಳಿದರೆ ಬೆಳಗಿನ ಜಾವದವರೆಗೆ ಕೂರಿಸಿಕೊಂಡು ಹೇಳುತ್ತಾನೆಂಬ ಭಯ ಊರಿಗೇ ಇದೆ.

ಅವನ ವಿಮರ್ಶೆಯೆಲ್ಲ ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ದಾಖಲಾಗುತ್ತದೆ. ಎಡಪುಟದಲ್ಲಿ ಅಪ್ಪನ ಕೈಬರಹ: ಜಿಪ್ಪು ಇಷ್ಟು ಡಜನ್, ಗುಂಡಿ ಇಷ್ಟು ಗ್ರೋಸು, ಬಳ್ಳಾರಿ ಸೇಟು ಕೊಡಬೇಕಾದ ಬಾಕಿ. ಬಲಪುಟದಲ್ಲಿ ಮಗನ ಕೈಬರಹ: ಗ್ರಾಫಿಕ್ಸು 8, ಕತೆ 7, ಸೌಂಡು 9, ಆಟ 6, ಒಟ್ಟು 8.6. ಗ್ರಾಫಿಕ್ಸಿಗೆ 8 ಕೊಟ್ಟದ್ದು ಎಲ್ಲ ಸೆಟ್ಟಿಂಗನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಸಿದ ಮೇಲೆ. ಮರಗಳಿಗೆ ಎಲೆಯಿಲ್ಲ, ಮನುಷ್ಯರಿಗೆ ನೆರಳಿಲ್ಲ. ಸೌಂಡಿಗೆ 9 ಕೊಟ್ಟ ರಾತ್ರಿ ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಇಯರ್‌ಫೋನಿನ ಎಡಕಿವಿ ದೀಪಾವಳಿಗೆ ಮುಂಚೆಯೇ ಸತ್ತಿತ್ತು. ಬಲಕಿವಿಯಲ್ಲಿ ಕೇಳಿದ್ದನ್ನು ಎರಡರಿಂದ ಗುಣಿಸಿಕೊಂಡ.

8, 7, 9, 6 ಕೂಡಿ ನಾಲ್ಕರಿಂದ ಭಾಗಿಸಿದರೆ 7.5 ತಾನೆ ಎಂದು ಲೆಕ್ಕದ ಮೇಷ್ಟ್ರೊಬ್ಬರು ಕೇಳಿದರು. ಮಾರ್ಕ್ಸಣ್ಣ ನಕ್ಕ. ಅಮೆರಿಕದ ಐಜಿಎನ್ ಎಂಬ ಹೆಸರುವಾಸಿ ಸಂಸ್ಥೆ ಒಂದು ಕಾಲಕ್ಕೆ ಹೀಗೇ ಬಿಡಿ ಅಂಕಗಳ ಪಟ್ಟಿ ಕೊಟ್ಟು, ಕೊನೆಯಲ್ಲಿ ಒಟ್ಟು ಅಂಕ ಬರೆದು, ‘ಇದು ಸರಾಸರಿ ಅಲ್ಲ’ ಎಂದು ಪಕ್ಕದಲ್ಲೇ ಅಚ್ಚು ಹಾಕುತ್ತಿತ್ತು. ಅಷ್ಟು ದೊಡ್ಡವರೇ ಭಾಗಾಕಾರ ಬಿಟ್ಟಿರುವಾಗ ರಾಯದುರ್ಗದವನು ಯಾಕೆ ಮಾಡಬೇಕು? ಅದೇ ಐಜಿಎನ್ 2020ರಲ್ಲಿ ದಶಾಂಶವನ್ನೂ ಕೈಬಿಟ್ಟು 7, 8, 9 ಎಂದು ಇಡಿಯಾಗಿ ಕೊಡತೊಡಗಿದಾಗ ಮಾತ್ರ ಇವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಿಂದುವಿನ ಆಚೆಗಿನ ಅಂಕಿಯೇ ವಿಮರ್ಶಕನ ಮರ್ಯಾದೆ ಎಂದು ನಂಬಿದವನು ಅವನು.

ಇವನ ಗುರುಪರಂಪರೆ ದೊಡ್ಡದು. ಜಪಾನಿನ ‘ಫಾಮಿತ್ಸು’ ಪತ್ರಿಕೆಯಲ್ಲಿ ಒಂದು ಗೇಮಿಗೆ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ಅಂಕ ಕೊಡುತ್ತಾರೆ. ನಾಲ್ವರೂ ಹತ್ತಕ್ಕೆ ಹತ್ತು ಕೊಟ್ಟು ಮೊದಲ ಸಲ 40 ಭರ್ತಿಯಾದದ್ದು 1998ರಲ್ಲಿ, ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ ಎಂಬ ಗೇಮಿಗೆ. ಹತ್ತಾರು ಪತ್ರಿಕೆಗಳ ಅಂಕ ಗುಡ್ಡೆ ಹಾಕಿ ನೂರಕ್ಕಿಷ್ಟು ಎಂದು ಇಳಿಸುವ ‘ಮೆಟಾಕ್ರಿಟಿಕ್’ 2001ರಲ್ಲಿ ಬಂತು. ಅಲ್ಲಿ ಈ ಜೆಲ್ಡಾಗೆ 99. ಉಳಿದ ಒಂದು ಅಂಕ ಯಾವ ಪಾಪಿ ಕಳೆದ ಎಂಬುದು ಮಾರ್ಕ್ಸಣ್ಣನಿಗೆ ನಿದ್ದೆ ಕೆಡಿಸುವ ಸಂಗತಿ. ಗೇಮು ಬಂದಾಗ ಅವನು ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಈ ಹತ್ತರ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಒಂದರಿಂದ ಆರರವರೆಗಿನ ಅಂಕಿಗಳು ಅಲಂಕಾರಕ್ಕೆ. ಏಳು ಎಂದರೆ ‘ಪರವಾಗಿಲ್ಲ’ ಅಲ್ಲ, ‘ಪಾಪ’. ಆಂಧ್ರದಲ್ಲಿ ಕೆಲವು ವರ್ಷ ಹತ್ತನೇ ತರಗತಿಗೆ ಅಂಕ ಬಿಟ್ಟು ಹತ್ತರ ಜಿಪಿಎ ಕೊಡುತ್ತಿದ್ದರು. ಫಲಿತಾಂಶದ ಮರುದಿನ ಖಾಸಗಿ ಶಾಲೆಗಳ ಫ್ಲೆಕ್ಸುಗಳಲ್ಲಿ ಹತ್ತಕ್ಕೆ ಹತ್ತು ಬಂದ ಮಕ್ಕಳ ಫೋಟೊ ಸಾಲುಸಾಲು. 9.2 ಬಂದ ಹುಡುಗನ ಮನೆಯಲ್ಲಿ ಸೂತಕ. ಅಂಥದೊಂದು ಬ್ಯಾಚಿನಲ್ಲಿ 7.8 ತಂದವನು ಮಾರ್ಕ್ಸಣ್ಣ. ಅಂಕಿಯಿಂದ ಬಿದ್ದ ಏಟಿಗೆ ಅವನು ಅಂಕಿಯಿಂದಲೇ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಬಲ್ಲವರು ಹೇಳುತ್ತಾರೆ. ಅದೊಂದು ಅತಿ ಸುಲಭದ ವಿವರಣೆ, ಯಾಕೆಂದರೆ ಅಮೆರಿಕದಲ್ಲೂ ಇದೇ ರೋಗವಿದೆ. ಮೆಟಾಕ್ರಿಟಿಕ್‌ನಲ್ಲಿ ಸಿನಿಮಾಕ್ಕೆ ನೂರಕ್ಕೆ 61 ಬಂದರೆ ಹಸಿರು ಬಣ್ಣ. ಗೇಮಿಗೆ ಹಸಿರು ಸಿಗಬೇಕಾದರೆ 75 ಆಗಬೇಕು. 70 ತಂದ ಸಿನಿಮಾ ಮೆರವಣಿಗೆ ಹೊರಟರೆ 70 ತಂದ ಗೇಮು ಹಳದಿ ಬಳಿದುಕೊಂಡು ಮೂಲೆಯಲ್ಲಿ ಕೂತಿರುತ್ತದೆ.

ಹಾಗಾದರೆ ಒಂದು ಅಂಕ ಯಾರಿಗೆ? ‘ಬಿಗ್ ರಿಗ್ಸ್’ಗೆ. 2003ರಲ್ಲಿ ಬಂದ ಲಾರಿ ರೇಸಿನ ಗೇಮು. ಎದುರಾಳಿ ಲಾರಿ ನಿಂತಲ್ಲಿಂದ ಅಲುಗುವುದಿಲ್ಲ. ನಮ್ಮ ಲಾರಿ ಕಟ್ಟಡಗಳ ಒಳಗಿಂದ ದೆವ್ವದ ಹಾಗೆ ತೂರಿಕೊಂಡು ಹೋಗುತ್ತದೆ. ರಿವರ್ಸ್ ಗೇರಿನಲ್ಲಿ ವೇಗಕ್ಕೆ ಮಿತಿಯೇ ಇಲ್ಲ. ಗೆದ್ದ ಮೇಲೆ ತೆರೆಯ ಮೇಲೆ ಮೂಡುವ ಶಾಭಾಸ್‌ಗಿರಿಯಲ್ಲೂ ವ್ಯಾಕರಣ ತಪ್ಪು. ಗೇಮ್‌ಸ್ಪಾಟ್ ಸಂಸ್ಥೆ ಹತ್ತಕ್ಕೆ 1.0 ಕೊಟ್ಟಿತು, ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 8 ಬಂತು. ಮಾರ್ಕ್ಸಣ್ಣ ಇದನ್ನು ಲಾರಿ ಡ್ರೈವರ್ ಮಾವನಿಗೆ ತೋರಿಸಿದ. ಮಾವ ಅರ್ಧ ಗಂಟೆ ಆಡಿದ. ‘ಚೆಕ್‌ಪೋಸ್ಟ್ ಇಲ್ಲ, ಟೋಲ್ ಇಲ್ಲ, ಆರ್‌ಟಿಓ ಇಲ್ಲ, ಡೀಸೆಲ್ ಖಾಲಿ ಆಗಲ್ಲ. ಇಂಥ ರೋಡು ಎಲ್ಲೈತಪ್ಪ? ಹತ್ತಕ್ಕೆ ಹತ್ತು’ ಅಂದ. ಲೆಕ್ಕದ ಪುಸ್ತಕದಲ್ಲಿ ಈ ಅಭಿಪ್ರಾಯಕ್ಕೆ ಜಾಗ ಸಿಗಲಿಲ್ಲ.

ಗುರುಗಳ ಎಲ್ಲ ತೀರ್ಪಿಗೂ ತಲೆಬಾಗುವ ಮಾರ್ಕ್ಸಣ್ಣ ತಿರುಗಿಬಿದ್ದದ್ದು ಒಂದೇ ಸಲ. 2014ರಲ್ಲಿ ಪೋಕೆಮಾನ್ ಸರಣಿಯ ‘ಒಮೆಗಾ ರೂಬಿ’, ‘ಆಲ್ಫಾ ಸಫೈರ್’ ಎಂಬ ಜೋಡಿ ಗೇಮುಗಳಿಗೆ ಐಜಿಎನ್ 7.8 ಕೊಟ್ಟಿತು. ಆ ಅಂಕಿಯೇ ಅವನಿಗೆ ಹಳೆಯ ಗಾಯ. ಜೊತೆಗೆ ಕೊರತೆಗಳ ಪಟ್ಟಿಯಲ್ಲಿ ಒಂದು ಸಾಲಿತ್ತು: ನೀರು ಜಾಸ್ತಿ. ಗೇಮಿನ ಭೂಪಟದಲ್ಲಿ ಸಮುದ್ರವೇ ಹೆಚ್ಚು, ಈಜಿ ಈಜಿ ಬೇಸರ ಬರುತ್ತದೆ ಎಂಬುದು ವಿಮರ್ಶಕರ ದೂರು. ಜಗತ್ತಿನ ಹುಡುಗರೆಲ್ಲ ಈ ಸಾಲನ್ನು ಗೇಲಿ ಮಾಡಿದರು, ಇಂದಿಗೂ ಮಾಡುತ್ತಾರೆ. ಆದರೆ ಅದನ್ನು ರಾಯದುರ್ಗದಲ್ಲಿ ಕೂತು ಓದುವ ಸಂಕಟ ಬೇರೆ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಜಿಲ್ಲೆ ಅನಂತಪುರ. ಕಣೇಕಲ್ಲಿನ ಕಡೆ ಹೋದರೆ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲದ ಮೇಲೆ ದಿಬ್ಬವಾಗಿ ಕೂತಿರುತ್ತದೆ. ರಾಜಸ್ಥಾನ ನೋಡಬೇಕೆನ್ನುವವರನ್ನು ಅಲ್ಲಿಗೇ ಕರೆದೊಯ್ದರೆ ರೈಲು ಚಾರ್ಜು ಉಳಿಯುತ್ತದೆ. ಅಂಥ ಊರಿನ ಹುಡುಗನಿಗೆ ನೀರು ಹೆಚ್ಚಾಯಿತೆಂದು ಅಂಕ ಕಳೆದರೆ ಹೇಗನ್ನಿಸಬೇಡ? ಬೀದಿ ನಲ್ಲಿಯಲ್ಲಿ ಆರನೇ ಬಿಂದಿಗೆಗೆ ಕಾದು ನಿಂತಿದ್ದ ಅಮ್ಮನಿಗೆ ವಿಷಯ ಹೇಳಿದ. ಆಕೆ ಎಲ್ಲ ಕೇಳಿಸಿಕೊಂಡು, ‘ಅವರ ಮನೆ ಯಾವ ಕಡೆ ಬರುತ್ತೆ?’ ಎಂದಳು.

ಆ ರಾತ್ರಿ ಅವನು ಗೇಮು ಆಡದೆಯೇ 9.4 ಕೊಟ್ಟ. ನೀರಿಗೆಂದೇ ಬೇರೆ ಕಾಲಂ ಎಳೆದ.

ಅಂಕಿ ಅಂದರೆ ಬರೀ ತಮಾಷೆಯಲ್ಲ ಎಂಬುದಕ್ಕೆ ಅವನ ಬಳಿ ಎರಡು ಕತೆಗಳಿವೆ. ಎರಡನ್ನೂ ಸಾವಿನ ಸುದ್ದಿ ತಂದವನ ದನಿಯಲ್ಲಿ ಹೇಳುತ್ತಾನೆ. ಒಂದು, 2010ರ ‘ಫಾಲ್‌ಔಟ್: ನ್ಯೂ ವೆಗಾಸ್’. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಅದನ್ನು ತಯಾರಿಸಿದ ಅಬ್ಸಿಡಿಯನ್ ಕಂಪನಿಗೆ ಬೋನಸ್ ಎಂದು ಒಪ್ಪಂದವಾಗಿತ್ತು. ಬಂದದ್ದು 84. ಒಂದೇ ಒಂದು ಅಂಕಕ್ಕೆ ಬೋನಸ್ ಕೈತಪ್ಪಿತು. ಇನ್ನೊಂದು, 2007ರ ನವೆಂಬರಿನದು. ಗೇಮ್‌ಸ್ಪಾಟ್‌ನ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ಗೆ 6.0 ಕೊಟ್ಟರು. ಅದೇ ಗೇಮಿನ ಜಾಹೀರಾತು ಆ ತಾಣದ ಗೋಡೆಗೋಡೆಗೂ ಅಂಟಿತ್ತು. ತಿಂಗಳು ಮುಗಿಯುವ ಹೊತ್ತಿಗೆ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡದ ವಿಷಯವನ್ನು ಅವರೇ 2012ರಲ್ಲಿ ಬಾಯಿಬಿಟ್ಟು ಹೇಳಿದರು. ಈ ಕತೆ ಮುಗಿಸಿದ ಮೇಲೆ ಮಾರ್ಕ್ಸಣ್ಣ ಸುತ್ತ ಒಮ್ಮೆ ನೋಡುತ್ತಾನೆ, ತನ್ನನ್ನೂ ಯಾರಾದರೂ ಕೆಲಸದಿಂದ ತೆಗೆಯಬಹುದು ಎನ್ನುವ ಹಾಗೆ. ತೆಗೆಯಲು ಮೊದಲು ಕೆಲಸ ಕೊಡಬೇಕು ಎಂಬುದು ಅಪ್ಪನ ಅಭಿಪ್ರಾಯ.

ಪಕ್ಷಪಾತ ಅವನಿಗೂ ಇಲ್ಲದಿಲ್ಲ. ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ಲೋಕವೇ 97 ಕೊಟ್ಟಿದೆ. ಅದರ ತಯಾರಿಯಲ್ಲಿ ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಶಾಖೆಯವರ ಕೈಯೂ ಇದೆ ಎಂದು ಗೊತ್ತಾದದ್ದೇ ತಡ, ಇವನು ತನ್ನ ಕಡೆಯಿಂದ 0.4 ಸೇರಿಸಿದ. ಹತ್ತಕ್ಕೆ 10.1 ಆಯಿತು. ಬೆಂಗಳೂರಿನಲ್ಲಿ 1997ರಲ್ಲೇ ಶುರುವಾದ ‘ಧ್ರುವ ಇಂಟರಾಕ್ಟಿವ್’ ಎಂಬ ಗೇಮು ಕಂಪನಿಯನ್ನು ಅದೇ ರಾಕ್‌ಸ್ಟಾರ್ 2019ರಲ್ಲಿ ಕೊಂಡುಕೊಂಡಾಗಲಂತೂ, ಮನೆಮಗಳಿಗೆ ದೊಡ್ಡ ಸಂಬಂಧ ಕುದುರಿದಷ್ಟು ಸಂಭ್ರಮ.

ಮಾರ್ಕ್ಸಣ್ಣನಿಗೆ ಎದುರಾಳಿ ಎಂದರೆ ಮಡಕಶಿರಾದ ಚಿಕ್ಕಪ್ಪನ ಮಗ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಆದವಾನಿ, ಆಲೂರುಗಳ ಜೊತೆ ಆಂಧ್ರಕ್ಕೆ ಹೋದ ತಾಲ್ಲೂಕು. ಮಡಕಶಿರಾ ಮೊದಲಿಂದಲೂ ಅನಂತಪುರದ್ದು, ಕರ್ನಾಟಕದೊಳಕ್ಕೆ ಮೂಗು ತೂರಿಸಿಕೊಂಡು ನಿಂತದ್ದು. 2022ರ ಏಪ್ರಿಲಿನಲ್ಲಿ ಅದನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದ ಮೇಲೆ ಅಣ್ಣತಮ್ಮಂದಿರ ಜಿಲ್ಲೆಯೂ ಬೇರೆಯಾಯಿತು. ಸಿದ್ಧಾಂತ ಅದಕ್ಕೂ ಮೊದಲೇ ಬೇರೆಯಾಗಿತ್ತು. ಮಡಕಶಿರಾದವನು ಅಂಕಿಯನ್ನೇ ಒಪ್ಪುವುದಿಲ್ಲ. ಸ್ಟೀಮ್ ಎಂಬ ಗೇಮಿನಂಗಡಿಯಲ್ಲಿ ಕೊಂಡವರು ಹೆಬ್ಬೆರಳು ಮೇಲೆ ಅಥವಾ ಕೆಳಗೆ ಮಾಡಿ ತೀರ್ಪು ಕೊಡುತ್ತಾರಲ್ಲ, ಅದೇ ಅವನ ಮತ. ಹೆಬ್ಬೆರಳಪ್ಪ ಎನ್ನಬಹುದು.

ಹೆಬ್ಬೆರಳಪ್ಪ ಜಾಣ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್‌ನವರು ದುಡ್ಡು ವಾಪಸು ಕೊಡುತ್ತಾರೆ. ಇವನು ಒಂದು ಗಂಟೆ ಐವತ್ತೈದು ನಿಮಿಷ ಆಡಿ, ಹೆಬ್ಬೆರಳು ಕೆಳಗೆ ಮಾಡಿ, ನಾಲ್ಕು ಸಾಲು ಬರೆದು, ದುಡ್ಡು ಹಿಂದಕ್ಕೆ ತರಿಸಿಕೊಳ್ಳುತ್ತಾನೆ. ಬರೆದವನು ಎಷ್ಟು ಹೊತ್ತು ಆಡಿದ ಎಂದು ಸ್ಟೀಮ್ ಪಕ್ಕದಲ್ಲೇ ತೋರಿಸುತ್ತದೆ ಎಂಬ ನಾಚಿಕೆ ಅವನಿಗಿಲ್ಲ. ಅಣ್ಣ ಇದನ್ನು ಎತ್ತಿ ಆಡಿದರೆ ಅವನು ‘ಯೂರೋಗೇಮರ್’ ಕಡೆ ಕೈ ತೋರಿಸುತ್ತಾನೆ: ಬ್ರಿಟನ್ನಿನ ಆ ದೊಡ್ಡ ಸಂಸ್ಥೆ 2015ರಲ್ಲಿ ಅಂಕಕ್ಕೆ ತಿಲಾಂಜಲಿ ಬಿಟ್ಟಿತು, ಗೊತ್ತಾ? ಗೊತ್ತು, 2023ರಲ್ಲಿ ಐದು ನಕ್ಷತ್ರ ಕಟ್ಟಿಕೊಂಡು ವಾಪಸು ಬಂತು, ಅದು ನಿನಗೆ ಗೊತ್ತಾ ಎಂದು ಅಣ್ಣ. ಓದುವವರು ಬರಹ ಓದದೆ ಕೊನೆಗೆ ಇಳಿದು ಅಂಕಿ ಹುಡುಕುತ್ತಾರೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಒಬ್ಬನಿಗೆ ಅದು ಹೆಮ್ಮೆ, ಇನ್ನೊಬ್ಬನಿಗೆ ಹೊಟ್ಟೆಯುರಿ.

ಮೊನ್ನೆ ರಾಯದುರ್ಗದ ಛತ್ರದಲ್ಲಿ ಮದುವೆ. ಎರಡನೇ ಪಂಕ್ತಿಯ ಎಲೆ ಬೀಳುವ ಮುಂಚೆ ಸೋದರರಿಬ್ಬರೂ ಕೈತೊಳೆಯುವ ಜಾಗದ ಪಕ್ಕ ‘ಸೈಬರ್‌ಪಂಕ್ 2077’ ಹಿಡಿದುಕೊಂಡರು. 2020ರ ಡಿಸೆಂಬರಿನಲ್ಲಿ ಅದು ಬರುವ ಮುನ್ನ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿಯ ಆವೃತ್ತಿ ಮಾತ್ರ. ಭಾರಿ ಯಂತ್ರಗಳಲ್ಲಿ ಆಡಿದರು, ಭಾರಿ ಅಂಕ ಕೊಟ್ಟರು. ಹಳೆಯ ಪ್ಲೇಸ್ಟೇಷನ್ನಿನಲ್ಲಿ ಹಾಕಿಕೊಂಡ ಸಾಮಾನ್ಯರಿಗೆ ಮುಗ್ಗರಿಸುವ ಗೇಮು ಸಿಕ್ಕಿತು. ಡಿಸೆಂಬರ್ 17ಕ್ಕೆ ಸೋನಿಯವರು ಅದನ್ನು ತಮ್ಮ ಅಂಗಡಿಯಿಂದಲೇ ಎತ್ತಿಟ್ಟರು. ಈಗ ರಿಪೇರಿಯಾಗಿ ಗಟ್ಟಿಯಾಗಿದೆ. ಹಾಗಾದರೆ ಅಂದಿನ ಅಂಕ ನಿಲ್ಲಬೇಕೋ, ಇಂದಿನದೋ? ವಾದ ಏರುತ್ತಿದ್ದಾಗ ಎಂಟನೇ ಕ್ಲಾಸಿನ ಹುಡುಗನೊಬ್ಬ ಮಧ್ಯೆ ನುಸುಳಿ, ‘ಅಣ್ಣಾ, ಸೈಬರ್‌ಪಂಕ್ ಹೆಂಗೈತೆ?’ ಎಂದು ಕೇಳಿದ.

‘9.1’ ಎಂದ ಒಬ್ಬ. ‘ಹೆಬ್ಬೆರಳು ಮೇಲೆ’ ಎಂದ ಇನ್ನೊಬ್ಬ.

‘ಅದಲ್ಲಣ್ಣ. ನಮ್ಮ ಲ್ಯಾಪ್‌ಟಾಪಲ್ಲಿ 4 ಜಿಬಿ ರ‍್ಯಾಮ್ ಐತೆ. ಓಡ್ತೈತಾ?’

‘ಓಡಲ್ಲ’ ಎಂದರು ಇಬ್ಬರೂ ಒಟ್ಟಿಗೆ.

ಹುಡುಗ ತಲೆಯಾಡಿಸಿ ಎಲೆ ಹಿಡಿಯಲು ಓಡಿದ. ಮಾರ್ಕ್ಸಣ್ಣ ಜೇಬಿನಿಂದ ಪೆನ್ನು ತೆಗೆದು, ಓಡದಿರುವುದಕ್ಕೆ 0.2 ಕಳೆಯಬಹುದೇ ಎಂದು ಕೇಳಿದ. ಲ್ಯಾಪ್‌ಟಾಪಿನ ತಪ್ಪಿಗೆ ಗೇಮಿಗೆ ಯಾಕಪ್ಪ ಶಿಕ್ಷೆ ಎಂದು ಹೆಬ್ಬೆರಳಪ್ಪ ರೇಗಿದ. ಹೋಳಿಗೆಯ ತಟ್ಟೆ ಆ ಕಡೆಯ ಸಾಲು ಮುಗಿಸಿ ಅಡುಗೆಮನೆಗೆ ಹಿಂತಿರುಗುವ ತನಕವೂ ಇಬ್ಬರೂ ನಿಂತಲ್ಲೇ ನಿಂತಿದ್ದರು.