ಮೈ ಹತ್ತಿ, ಸೆರಗು ರೇಷ್ಮೆ

ಅಮೆರಿಕದಲ್ಲಿ ಜ್ವರ ಬರುವ ಮೊದಲು ಲೆಕ್ಕ ಬರಬೇಕಂತೆ. ಡಲ್ಲಾಸ್‌ನಲ್ಲಿರುವ ನಮ್ಮಣ್ಣನ ಮಗ ನೌಕರಿ ಬಿಟ್ಟು ಸ್ವಂತ ಉದ್ಯೋಗ ಹಿಡಿದ. ಕಂಪನಿಯ ಆರೋಗ್ಯ ವಿಮೆಯೂ ಬಿಟ್ಟಿತು. ಈಗ ಸರ್ಕಾರ ನಡೆಸುವ ವಿಮಾ ಸಂತೆಯಲ್ಲಿ ಪಾಲಿಸಿ ಆರಿಸಬೇಕು.

"ಕಾಕಾ, ಪಾಲಿಸಿ ರಗಡ ಅದಾವ್ರಿ. ನನ್ನ ಆರೋಗ್ಯ ಉಳಿತಾಯ ಖಾತೆಗೆ ಹೊಂದೂವು ಬೇಕಲ್ಲ?"

ಆ ಖಾತೆ ಭಾರಿ ಚಂದ. ಹಾಕಿದ ದುಡ್ಡಿಗೆ ತೆರಿಗೆಯಿಲ್ಲ, ಬೆಳೆದದ್ದಕ್ಕಿಲ್ಲ, ಔಷಧಕ್ಕೆಂದು ತೆಗೆದರೂ ಇಲ್ಲ. ವರ್ಷ ಮುಗಿದ ಮೇಲೂ ಉಳಿದದ್ದು ನಮ್ಮದೇ. 2026ಕ್ಕೆ ಒಬ್ಬರು 4,400 ಡಾಲರ್, ಕುಟುಂಬವಾದರೆ 8,750 ಡಾಲರ್ ಹಾಕಬಹುದು. ಆದರೆ ಮೂಲ ಷರತ್ತು ಕೇಳಿ: ಒಬ್ಬರ ಪಾಲಿಸಿಯಲ್ಲಿ ಕನಿಷ್ಠ ಮೊದಲ 1,700 ಡಾಲರ್ ಖರ್ಚು ನಮ್ಮ ಕಿಸೆಯಿಂದಲೇ ಹೋಗಬೇಕು. ವಿಮೆ ತುಸು ಜುಗ್ಗನಾಗಿದ್ದರೇ ಖಾತೆಗೆ ಯೋಗ್ಯತೆ! ಸಾಲದ್ದಕ್ಕೆ, ಆರೋಗ್ಯಕ್ಕೆಂದೇ ಕೂಡಿಟ್ಟ ಆ ದುಡ್ಡಿನಿಂದ ಸಾಮಾನ್ಯವಾಗಿ ವಿಮೆಯ ಕಂತು ಕಟ್ಟುವಂತಿಲ್ಲ. 2026ರ ಜನವರಿ 1ರಿಂದ ಸಂತೆಯ ಕಂಚಿನ ದರ್ಜೆಯ ಪಾಲಿಸಿಗಳೆಲ್ಲ ಖಾತೆಗೆ ಹೊಂದುತ್ತವೆಂದು ಕಾನೂನಾಯಿತು. ಹುಡುಗ ಕಂಚಿಗೇ ತೃಪ್ತನಾದ.

ಉಳಿತಾಯಕ್ಕೂ ವಿಮೆಗೂ ಕೊಂಡಿ ಹಾಕುವ ಈ ಲೆಕ್ಕ ನನಗೆ ತಿಳಿದದ್ದು ನಮ್ಮೂರ ಸೀರೆಯಿಂದ. ಇಳಕಲ್ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಗುಳಿಗೆಗೆ ಉಳಿತಾಯದ ಹತ್ತಿ, ಆಪರೇಷನ್ನಿಗೆ ವಿಮೆಯ ರೇಷ್ಮೆ.

ನಮ್ಮಲ್ಲಿ ಸೆರಗೇನೋ ಇದೆ. ಸಹಕಾರ ಸಂಘದ ಸದಸ್ಯರಿಗೆಂದು ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಶುರುವಾದಾಗ ವರ್ಷಕ್ಕೆ ಒಬ್ಬರಿಗೆ ಕಂತು 60 ರೂಪಾಯಿ ಇತ್ತು. 2018ರಲ್ಲಿ ನಿಂತು, 2022ರಲ್ಲಿ ಮರಳಿ ಬಂದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿಯಾಯಿತು. ರಕ್ಷಣೆ 5 ಲಕ್ಷದವರೆಗೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಇದೆ. ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲಿನ ಶೇ. 18 ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ಕ್ಕೆ ಹೋಯಿತು.

ಮೈ ಎಲ್ಲಿ? ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತವನಿಗೆ ಬರುವುದು ಬೆನ್ನುನೋವು, ಮೊಣಕಾಲು ನೋವು, ವಯಸ್ಸಾದಂತೆ ಶುಗರ್ರು. ಇವಕ್ಕೆ ಯಾರೂ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ತಿಂಗಳ ಗುಳಿಗೆ ಚೀಟಿ ಮಾತ್ರ ತಪ್ಪುವುದಿಲ್ಲ. ಅದಕ್ಕೆ ಹೆಂಡತಿಯ ಸಾಸಿವಿ ಡಬ್ಬಿಯೇ ಗತಿ. ತೆರಿಗೆ ಅದಕ್ಕೂ ಇಲ್ಲ, ಗಂಡನಿಗೆ ಹಣ ತೆಗೆಯುವ ಅಧಿಕಾರವೂ ಇಲ್ಲ. ಎರಡನೆಯದು ಡಲ್ಲಾಸಿನವರೂ ಕಲಿಯಬೇಕಾದ ನಿಯಮ.

ರೋಗವೇ ಬಾರದಂತೆ ತಡೆಯುವ ದಾರಿಯೂ ನಮ್ಮಲ್ಲೊಂದಿದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಸು ಬೇಡಲಿಲ್ಲ, ಕುಡಿತ, ತಂಬಾಕಿನ ಚಟಗಳನ್ನು ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ರಾಜ್ಯಕ್ಕೆ ವ್ಯಸನಮುಕ್ತ ದಿನ. ಚಟ ಬಿಡುವುದಕ್ಕಿಂತ ಅಗ್ಗದ ಪಾಲಿಸಿಯನ್ನು ನಾನು ಕಂಡಿಲ್ಲ, ಆದರೂ ಕಂತು ತಪ್ಪಿಸುವವರೇ ಬಹಳ.

ಇನ್ನು ಗುಳಿಗೆಯ ಖರ್ಚಿಗೆ ಡಲ್ಲಾಸಿನಂಥ ತೆರಿಗೆ ರಿಯಾಯಿತಿಯಿಂದ ನೇಕಾರನಿಗೆ ಉಪಯೋಗವಿಲ್ಲ, ಅವನು ಆದಾಯ ತೆರಿಗೆ ಕಟ್ಟುವಷ್ಟು ಗಳಿಸುವುದೇ ಇಲ್ಲ. ನೇಕಾರರ ಸಂಘಗಳು ಮಜೂರಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಹಿಡಿಯಲಿ, ಸರ್ಕಾರ ಅಷ್ಟನ್ನೇ ಸೇರಿಸಲಿ. ಗುಳಿಗೆಗೂ ರಕ್ತಪರೀಕ್ಷೆಗೂ ಅವನ ಹೆಸರಿನಲ್ಲೊಂದು ಖಾತೆ ತೆರೆಯಲಿ. ಪಾಸ್‌ಬುಕ್ ಮಾತ್ರ ಹೆಂಡತಿಯ ಕೈಗೇ ಕೊಡಿ.