ಆಟೋ ಗುಂಡಿಗೆ ಅಧಿಕಾರವಿಲ್ಲ

ಹೈಬ್ರಿಡ್ ಕಾರು ಕೊಂಡವರು ಮಾಡುವ ಮೊದಲ ಕೆಲಸ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವುದು. ಎರಡನೆಯದು, ಎಸಿಯ ಆಟೋ ಗುಂಡಿಯನ್ನು ಹುದ್ದೆಯಿಂದ ವಜಾ ಮಾಡುವುದು. ಇದಕ್ಕೆ ನೋಟಿಸು ಇಲ್ಲ, ವಿಚಾರಣೆಯೂ ಇಲ್ಲ. ಬ್ಲೋವರ್ ಬೋರೋ ಅನ್ನುತ್ತಿದೆಯೆಂದು ಯಾರೋ ಕೈ ಚಾಚಿ ಒಂದು ಪಾಯಿಂಟು ಇಳಿಸುತ್ತಾರೆ, ಪರದೆಯ ಮೇಲಿದ್ದ ‘ಆಟೋ’ ದೀಪ ಆರಿಹೋಗುತ್ತದೆ. ಅದು ಮತ್ತೆ ಹೊತ್ತಿಕೊಳ್ಳುವುದು ಕಾರು ಮಾರಾಟಕ್ಕೆ ಬಂದಾಗ, ನೋಡಲು ಬಂದವನು ಕುತೂಹಲಕ್ಕೆ ಒತ್ತಿದರೆ.

ಎಷ್ಟು ತಂಪು ಬೇಕೆಂದು ಒಮ್ಮೆ ಹೇಳಿಬಿಟ್ಟರೆ ಸಾಕು, ಉಳಿದದ್ದು ನನ್ನ ಜವಾಬ್ದಾರಿ ಎನ್ನುವ ಎಸಿಯನ್ನು 1964ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಕೂರಿಸಿದ್ದರು. ಆರು ದಶಕಗಳಲ್ಲಿ ಅದು ಬಹಳ ಓದಿಕೊಂಡಿದೆ. ಹೊರಗಿನ ಸೆಕೆ ಎಷ್ಟು, ಒಳಗೆ ಎಷ್ಟು, ಗಾಜಿನ ಮೂಲಕ ಬಿಸಿಲು ಎಷ್ಟು ಬೀಳುತ್ತಿದೆ, ಎಲ್ಲಕ್ಕೂ ಒಂದೊಂದು ಸೆನ್ಸರ್. ಗಾಳಿ ಮುಖಕ್ಕೆ ಬರಬೇಕೋ ಕಾಲಿಗೋ, ಹೊರಗಿನದು ಬೇಕೋ ಒಳಗಿನದೇ ಸುತ್ತಬೇಕೋ, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಇಷ್ಟು ತಿಳಿದವರನ್ನು ನಮ್ಮಲ್ಲಿ ಏನು ಮಾಡುತ್ತಾರೋ ಅದನ್ನೇ ಇದಕ್ಕೂ ಮಾಡಲಾಗಿದೆ. ಹುದ್ದೆ ಇದೆ, ಕುರ್ಚಿ ಇದೆ, ಸಹಿ ಮಾತ್ರ ಬೇರೆಯವರದು.

ನಮ್ಮ ಭಾವನ ಹೊಸ ಕಾರನ್ನೇ ನೋಡಿ. ಬಿಸಿಲಿನ ಸೆನ್ಸರ್ ಇರುವುದು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿಗೆ ಹತ್ತಿರ, ಕಪ್ಪು ಗುಳಿಗೆಯಂಥದ್ದು. ಅದರ ಮೇಲೆ ಅಳತೆ ಮಾಡಿದಂತೆ ಗಣಪತಿ ಪ್ರತಿಷ್ಠಾಪನೆಯಾಗಿದೆ, ಎರಡೂ ಕಡೆ ಅಂಟುವ ಟೇಪಿನೊಂದಿಗೆ. ಅಲ್ಲಿಗೆ ಕಾರಿನ ಲೆಕ್ಕದಲ್ಲಿ ವರ್ಷವಿಡೀ ಆಷಾಢದ ಮೋಡ. ಒಳಗಿನ ಗಾಳಿಯನ್ನು ಚೂರೇ ಚೂರು ಹೀರಿ ತಾಪ ನೋಡುವ ಜಾಲರಿ ಸ್ಟೀರಿಂಗಿನ ಪಕ್ಕದಲ್ಲಿದೆ. ಅದಕ್ಕೆ ಮೊಬೈಲ್ ಹೋಲ್ಡರಿನ ಬುಡ ಅಡ್ಡ ಕೂತಿದೆ. ಇನ್ನು ಹಿಂದಿನ ಸೀಟಿನ ಪಕ್ಕ ಒಂದು ಕಿಂಡಿ. ಬಹಳಷ್ಟು ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಯೂ ನಮ್ಮ ಜೊತೆ ಕ್ಯಾಬಿನ್ನಿನ ಇದೇ ತಣ್ಣನೆ ಗಾಳಿಯನ್ನು ಉಸಿರಾಡಿ ಬದುಕುವಂಥದ್ದು. ಅದನ್ನು ಮುಚ್ಚಬೇಡಿ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಕಿಂಡಿಗೆ ತಿಪಟೂರಿನಿಂದ ಬಂದ ತೆಂಗಿನಕಾಯಿ ಚೀಲ ಒರಗಿಕೊಂಡಿದೆ. ಕೈಪಿಡಿ ಡಿಕ್ಕಿಯಲ್ಲಿದೆ, ಪ್ಲಾಸ್ಟಿಕ್ ಕವರ್ ಬಿಚ್ಚದೆ.

ಕಣ್ಣು, ಮೂಗು, ಉಸಿರು ಮೂರನ್ನೂ ಕಟ್ಟಿದ ಮೇಲೆ ಭಾವನ ತೀರ್ಪು: “ಈ ಆಟೋ ಗೀಟೋ ಎಲ್ಲ ನಮ್ಮ ದೇಶಕ್ಕಲ್ಲ ಕಣೋ.”

ಹಾಗಾದರೆ ಎಸಿ ನಡೆಸುವವರು ಯಾರು? ಕಾರಿನಲ್ಲಿ ಕೂತ ಎಲ್ಲರೂ. ಮುಂದಿನ ಸೀಟಿನಲ್ಲಿ ಶಾಲು ಹೊದ್ದ ಅವರ ತಾಯಿ, “ಲೋ, ಮಂಡಿ ಹಿಡ್ಕೊಳ್ತು, ಆ ಗಾಳಿ ತಿರುಗ್ಸೋ” ಅನ್ನುತ್ತಾರೆ. ಹಿಂದಿನಿಂದ ಮಗ, “ಅಪ್ಪಾ, ಇಲ್ಲಿ ಏನೂ ಬರ್ತಿಲ್ಲ.” ಅಕ್ಕನ ಪಾಲಿಗೆ ಎಸಿಯೇ ಶೀತಕ್ಕೆ ಮೂಲ, ಆದರೆ ಕಿಟಕಿ ಇಳಿಸಿದರೆ ಧೂಳು; ಹೀಗಾಗಿ ಎಸಿ ಆರಬೇಕು, ಕಿಟಕಿಯೂ ಮುಚ್ಚಿರಬೇಕು, ಸೆಕೆಯೂ ಆಗಬಾರದು. ಇಂಥ ಬೇಡಿಕೆಗೆ ಜಪಾನಿನ ಯಾವ ಎಂಜಿನಿಯರೂ ಇನ್ನೂ ಗುಂಡಿ ಕಂಡುಹಿಡಿದಿಲ್ಲ.

ಭಾವ ಎಲ್ಲರಿಗೂ ಒಂದೇ ಪರಿಹಾರ ಇಟ್ಟುಕೊಂಡಿದ್ದಾರೆ. ಬಿಸಿಲಲ್ಲಿ ನಿಂತು ಕಾದ ಕಾರಿಗೆ ಹತ್ತಿದ ಕೂಡಲೇ ಅಂಕಿಗಳು ಮುಗಿದು ‘ಲೋ’ ಬರುವವರೆಗೂ ಗುಂಡಿ ಒತ್ತುವುದು. 24ಕ್ಕೆ ಇಟ್ಟು ಆಟೋಗೆ ಬಿಟ್ಟರೂ ಕಾದ ಕಾರಿನಲ್ಲಿ ಅದು ಮೊದಲು ಪೂರ್ತಿ ಶಕ್ತಿಯಿಂದಲೇ ಓಡುವುದು. ಲೋ ಒತ್ತಿದ್ದಕ್ಕೆ ಬೇಗ ತಣ್ಣಗಾಗುವುದಿಲ್ಲ; ನಿಲ್ಲಿಸುವುದು ಯಾವಾಗ ಎಂಬುದಷ್ಟೇ ಅದಕ್ಕೆ ಗೊತ್ತಾಗುವುದಿಲ್ಲ. ಹತ್ತುವ ಮೊದಲು ಎರಡು ನಿಮಿಷ ಕಿಟಕಿ ಇಳಿಸಿ ಕಾದ ಗಾಳಿಯನ್ನು ಹೊರಗೆ ಕಳಿಸಿದರೆ ಅರ್ಧ ಕೆಲಸ ಪುಕ್ಕಟೆ ಆಗುತ್ತದೆ. ಆದರೆ ಇಷ್ಟು ದುಡ್ಡು ಕೊಟ್ಟ ಕಾರಿನ ಕಿಟಕಿ ಇಳಿಸಿ ನಿಂತರೆ ಅಪಾರ್ಟ್‌ಮೆಂಟಿನವರು ಎಸಿ ಕೆಟ್ಟಿದೆ ಅಂದುಕೊಳ್ಳುವುದಿಲ್ಲವೇ?

ನಿಜವಾದ ಮಜಾ ಇರುವುದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಎಂಜಿನ್ ನಿಂತಿದೆ, ಎಸಿ ಓಡುತ್ತಿದೆ. ಭಾವ ಸುತ್ತಮುತ್ತಲಿನ ಕಾರುಗಳತ್ತ ಕನಿಕರದ ನೋಟ ಬೀರಿ, “ಇದು ಬ್ಯಾಟರಿ ಎಸಿ ಕಣೋ, ಪೆಟ್ರೋಲ್ ಖರ್ಚೇ ಇಲ್ಲ” ಎನ್ನುತ್ತಾರೆ. ಮಾತಿನ ಮೊದಲರ್ಧ ನಿಜ. 1997ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ರಿಯಸ್‌ನ ಎಸಿ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿಗೆ ಕಟ್ಟಿಕೊಂಡಿತ್ತು. ಸಿಗ್ನಲ್ಲಿನಲ್ಲಿ ಎಂಜಿನ್ ನಿಂತರೆ ತಂಪೂ ನಿಲ್ಲುತ್ತಿತ್ತು. 2003ರ ಎರಡನೇ ಪೀಳಿಗೆಯಲ್ಲಿ ಕಂಪ್ರೆಸರಿಗೆ ಸ್ವಂತ ಮೋಟಾರು ಸಿಕ್ಕಿತು. ಆದರೆ ಭಾವನ ಕಾರಿಗೆ ಪ್ಲಗ್ಗಿಲ್ಲ. ಬ್ಯಾಟರಿಗೆ ಬರುವ ಕರೆಂಟು ಬೆಸ್ಕಾಮಿನದಲ್ಲ, ಬಂಕಿನದು. ಬ್ರೇಕ್ ಹಾಕಿದಾಗ ವಾಪಸ್ ಬರುತ್ತದಲ್ಲ ಎನ್ನಬಹುದು. ನಂದಿಬೆಟ್ಟ ಇಳಿಯುವಾಗ ಬ್ಯಾಟರಿಗೆ ತುಂಬುವುದು ಹತ್ತುವಾಗ ಸುಟ್ಟ ಪೆಟ್ರೋಲಿನ ಚಿಲ್ಲರೆ. ಬ್ಯಾಟರಿಯೂ ಚಿಕ್ಕದು, ನಡು ಮಧ್ಯಾಹ್ನದ ಎಸಿಯನ್ನು ಗಂಟೆಗಟ್ಟಲೆ ಸಾಕುವಂಥದ್ದಲ್ಲ. ಅದು ಬಸವಳಿಯುತ್ತಿದ್ದಂತೆ ಎಂಜಿನ್ ತಾನಾಗಿ ಎದ್ದು ಗುರ್ ಅನ್ನುತ್ತದೆ. ಭಾವ ಬೆಚ್ಚುತ್ತಾರೆ, ಸರ್ವಿಸ್ ಸೆಂಟರಿಗೆ ಫೋನು ಹೋಗುತ್ತದೆ: “ನಿಂತಲ್ಲೇ ಸ್ಟಾರ್ಟ್ ಆಗ್ತಿದೆ, ಏನೋ ತೊಂದರೆ ಇದೆ.” ಖರ್ಚೇ ಇಲ್ಲದ ಎಸಿಗೆ ಖರ್ಚು ಬಂದಾಗ ಅದು ತೊಂದರೆ ಎಂದೇ ದಾಖಲಾಗಬೇಕು.

ಡಿಸೆಂಬರಿನಲ್ಲಿ ಈ ಕಥೆ ತಲೆಕೆಳಗಾಗುತ್ತದೆ. ಬೆಳಗಿನ ಏಳು ಗಂಟೆ, ಹೊರಗೆ 16 ಡಿಗ್ರಿ, ಪರದೆಯ ಮೇಲೆ ಯಾರೋ ಬಿಟ್ಟುಹೋದ 26. ಯಂತ್ರಕ್ಕೆ ಹೇಳಿದ್ದು 26; ಅದು ವಿಧೇಯವಾಗಿ ಕಾರನ್ನು ಬೆಚ್ಚಗೆ ಮಾಡಲು ಹೊರಡುತ್ತದೆ. ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಆ ಬಿಸಿ ಬರುವುದು ಎಂಜಿನ್ನಿನಲ್ಲಿ ಸುತ್ತುವ ನೀರಿನಿಂದ, ನೀರು ಬಿಸಿಯಾಗಲು ಎಂಜಿನ್ ಓಡಲೇಬೇಕು. ಪೆಟ್ರೋಲ್ ಉಳಿಸಲೆಂದೇ ಹುಟ್ಟಿದ ಕಾರು ಲಾಲ್‌ಬಾಗಿನ ಪಕ್ಕ ಸಿಗ್ನಲ್ಲಿನಲ್ಲಿ ನಿಂತು ಹಂಡೆ ಕಾಯಿಸುತ್ತಿರುತ್ತದೆ. ಒಳಗೆ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡ ಐದು ಜನ. ಅಂಕಿಯನ್ನು 20ಕ್ಕೆ ಇಳಿಸಿದರೆ ಎಂಜಿನ್ ಬಹುಶಃ ಸುಮ್ಮನಾದೀತು. ಆದರೆ ಚಳಿಯಲ್ಲಿ ಅಂಕಿ ಇಳಿಸಿ ಎಂದು ಹೇಳುವ ಧೈರ್ಯ ಯಾರಿಗಿದೆ?

ಬಿಡದಿಯಲ್ಲಿ ತಯಾರಾಗುವ ಒಂದು ಹೈಬ್ರಿಡ್ ಎಸ್‌ಯುವಿಗೆ ಲೀಟರಿಗೆ 27.97 ಕಿಲೋಮೀಟರ್ ಎಂಬ ಪ್ರಮಾಣಪತ್ರವಿದೆ. ದಶಾಂಶದಾಚೆಯ ಆ ಎರಡು ಅಂಕಿಗಳನ್ನು ನೋಡಿದರೆ ಯಾರಿಗಾದರೂ ಭಕ್ತಿ ಬರಬೇಕು. ಇಂಥ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರುಗಳ ಮೇಲೆ, ಎಸಿ ಆರಿಸಿ. ಅಲ್ಲಿ ಭಾವನ ತಾಯಿ ಇರುವುದಿಲ್ಲ, ಸಿಲ್ಕ್ ಬೋರ್ಡೂ ಇರುವುದಿಲ್ಲ.

ಈ ನಡುವೆ ದೆಹಲಿಯೂ ಕೈ ಚಾಚಿದೆ. 2025ರ ಜೂನ್‌ನಲ್ಲಿ ಕೇಂದ್ರದ ಇಂಧನ ಸಚಿವರು, ಎಸಿಗಳು 20ರಿಂದ 28 ಡಿಗ್ರಿಯೊಳಗೇ ಇರುವಂತೆ ನಿಯಮ ತರುತ್ತೇವೆ ಎಂದರು. ಸಂತೋಷ. ಕಾರಿನಲ್ಲಿ ಈಗಾಗಲೇ ಐದು ಸಚಿವರಿದ್ದಾರೆ, ಆರನೆಯವರಿಗೂ ಅಕ್ಕ ಹೇಗೋ ಒತ್ತರಿಸಿ ಜಾಗ ಮಾಡುತ್ತಾಳೆ. ಅದೇ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಯಿತು. ಲಾರಿ ಚಾಲಕನಿಗೂ ಸೆಕೆಯಾಗುತ್ತದೆ ಎಂಬ ಸುದ್ದಿ ಕಾನೂನಿಗೆ ತಲುಪಲು ಆ ಕ್ಯಾಡಿಲಾಕ್ ಎಸಿ ಬಂದು ಅರವತ್ತೊಂದು ವರ್ಷ ಹಿಡಿಯಿತು.

ಕಾರಿನ ಚಾಲಕನ ಸುದ್ದಿ ಮಾತ್ರ ಇನ್ನೂ ದಾರಿಯಲ್ಲಿದೆ. ಮೊದಲೆಲ್ಲ ಮಾಲೀಕರು ಮದುವೆಯೂಟ ಮಾಡುತ್ತಿದ್ದರೆ ಡ್ರೈವರ್ ಹೊರಗೆ ಎಸಿ ಹಾಕಿ ಮಲಗಿದ್ದಾನೋ ಇಲ್ಲವೋ ಎಂಬುದು ಎಂಜಿನ್ ಸದ್ದಿನಿಂದ ತಿಳಿಯುತ್ತಿತ್ತು. ಹೈಬ್ರಿಡ್ ಆ ಸದ್ದನ್ನು ನುಂಗಿತು. ಇದು ಭಾವನಿಗೆ ಬಂದಿರುವ ದೊಡ್ಡ ಚಿಂತೆ. ಪರಿಸರದ ಚಿಂತೆ ಇದರ ಆಮೇಲೆ. ಆದ್ದರಿಂದ ಆಜ್ಞೆಯಾಗಿದೆ: ಕಾಯುವಾಗ ಎಸಿ ಹಾಕಕೂಡದು. ಡ್ರೈವರ್ ಕಾರನ್ನು ಬಿಸಿಲಲ್ಲಿ ಬೀಗ ಹಾಕಿ ಹೊಂಗೆ ಮರದ ಕೆಳಗೆ ಕೂರುತ್ತಾನೆ. ಕಾರಿಗೆ ಮರದ ನೆರಳು ಕೊಡೋಣವೆಂದರೆ ಹಕ್ಕಿ ಹಿಕ್ಕೆ ಹಾಕುತ್ತದೆಂದು ಅದಕ್ಕೂ ನಿಷೇಧ. ಊಟ ಮುಗಿಸಿ ಬಂದ ಭಾವ ಕಾದ ಕಾರಿಗೆ ಹತ್ತಿ ‘ಲೋ’ ಒತ್ತುತ್ತಾರೆ. ಕಂಪ್ರೆಸರ್ ಮೈಮುರಿದು ದುಡಿಯುತ್ತದೆ, ಎಂಜಿನ್ ಎದ್ದು ಅದರ ಬೆನ್ನಿಗೆ ನಿಲ್ಲುತ್ತದೆ, ಪರದೆಯ ಮೇಲೆ ಮೈಲೇಜು ಇಳಿಯುತ್ತದೆ.

“ನಾವು ಒಳಗಿದ್ದಾಗ ಎಸಿ ಹಾಕಿದ್ಯಾ?”

“ಇಲ್ಲ ಸಾರ್, ಮರದ ಕೆಳಗಿದ್ದೆ.”

“ಮತ್ತೆ ಪೆಟ್ರೋಲ್ ಎಲ್ಲಿಗೆ ಹೋಯ್ತು?”

ಡ್ರೈವರ್ ಪರದೆಯ ಮೇಲಿನ ‘ಲೋ’ ನೋಡಿ, ಗೇರ್ ಹಾಕಿ, ಸುಮ್ಮನಾದ. ಸುಮ್ಮನಾದದ್ದು ಭಾವನಿಗೆ ಸಾಕ್ಷ್ಯವಾಗಿ ಕಂಡಿತು. ಈಗ ಕಾರಿನೊಳಗೆ ಡ್ರೈವರ್ ಸೀಟಿನತ್ತ ಮುಖ ಮಾಡಿದ ಕ್ಯಾಮೆರಾ ಬಂದಿದೆ. ಕಾರು ನಿಂತಿದ್ದರೂ 24 ಗಂಟೆ ರೆಕಾರ್ಡ್ ಮಾಡುತ್ತದಂತೆ. ಅದಕ್ಕೆ ಕರೆಂಟು ಎಲ್ಲಿಂದ ಎಂದು ನಾನು ಕೇಳಲು ಹೋಗಲಿಲ್ಲ.